ಒಂದು ಗೇಣು ಮೇಲೆ

ಇವತ್ತು ಹನ್ನೊಂದು ಗಂಟೆಗೆ ಆ ಯಂತ್ರದ ಬಣ್ಣ ಬಯಲಾಗಲೇಬೇಕು. ಇಲ್ಲದಿದ್ದರೆ ಸೋಮವಾರದಿಂದ ನಾಲ್ವರು ಕ್ರೇನ್ ಆಪರೇಟರುಗಳು ಮನೆಯಲ್ಲಿ ಕೂತು ನೊಣ ಹೊಡೆಯಬೇಕು.

ಆ ನಾಲ್ವರಲ್ಲಿ ಹಿರಿಯವನು ಕಬ್ಬಿಣದ ಕಂತೆಗಳ ಪಕ್ಕ ನಿಂತು ಹಲ್ಲು ಕಡಿಯುತ್ತಿದ್ದ. ಮೂವತ್ತೊಂದು ವರ್ಷ ಕ್ರೇನಿನ ತುದಿಯಲ್ಲೇ ಕೂತು ಹೊರೆ ಎತ್ತಿದವನು. ಅದಕ್ಕೇ ಸೈಟಿನವರು ಅವನನ್ನು ಮೇಲಿನಪ್ಪ ಅನ್ನುತ್ತಿದ್ದರು. ಮೂರು ವಾರದ ಹಿಂದೆ ಮೇಲಿನಪ್ಪನನ್ನು ಕೆಳಗಿಳಿಸಿ, ಕೈಗೊಂದು ನೋಟ್‌ಬುಕ್ ಕೊಟ್ಟು, 'ವೀಕ್ಷಕ' ಎಂದು ಹೆಸರಿಟ್ಟರು. ಬಿಸಿಲಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುವವನಿಗೆ ಎಂಥ ಘನವಾದ ಹುದ್ದೆ!

ಹೊಸ ಕ್ರೇನ್ ತಾನೇ ಯೋಚಿಸಿ ಎತ್ತುತ್ತದಂತೆ. ಕ್ಯಾಬಿನ್ ಖಾಲಿ. ಯಂತ್ರದ ಕಂಪನಿಯಿಂದ ಬಂದ ಟೈನವನು ದಿನಕ್ಕೆ ಹತ್ತು ಸಲ ಆ ಖಾಲಿ ಕ್ಯಾಬಿನ್ ತೋರಿಸಿ ಮೀಸೆ ತಿರುವುತ್ತಿದ್ದ.

"ಯೋಚನೆ ಮಾಡುತ್ತಾ? ನಮ್ಮ ಇಂಜಿನಿಯರಿಗೂ ಒಂದು ತರಿಸ್ಕೊಡಿ ಸಾರ್," ಎಂದಿದ್ದ ಮೇಲಿನಪ್ಪ ಮೊದಲ ದಿನವೇ. ಇಂಜಿನಿಯರು ನಗಲಿಲ್ಲ.

ಆದರೆ ಯಂತ್ರ ತಪ್ಪು ಮಾಡಲಿಲ್ಲ. ಅದೇ ಅವನ ಹೊಟ್ಟೆಯುರಿ. ತಪ್ಪು ಮಾಡದಿದ್ದರೆ ಹಾಳಾಗಲಿ, ಅದು ಅವನ ಹಾಗೇ ಕೆಲಸ ಮಾಡುತ್ತಿತ್ತು. ಹೊರೆ ನೆಲ ಮುಟ್ಟುವ ಮುಂಚೆ ಒಂದು ಗೇಣು ಮೇಲೆ ನಿಲ್ಲಿಸಿ, ಮೂರು ಎಣಿಸಿ, ಆಮೇಲೆ ಇಳಿಸುವುದು ಅವನ ಪದ್ಧತಿ. ಹಿಂದೊಮ್ಮೆ ಕೆಳಗಿದ್ದವನೊಬ್ಬನ ಬೆರಳು ಜಜ್ಜಿಹೋದಾಗಿನಿಂದ ರೂಢಿಯಾದದ್ದು. ಹೊತ್ತು ದಂಡ ಎಂದು ಬೇರೆ ಯಾವ ಆಪರೇಟರೂ ಹಾಗೆ ಮಾಡುತ್ತಿರಲಿಲ್ಲ. ಈ ಕಬ್ಬಿಣದ ಪಿಶಾಚಿ ಮಾಡುತ್ತಿತ್ತು.

"ನಿಮ್ಮ ಕ್ಯಾಬಿನ್ನಲ್ಲಿ ಆರು ತಿಂಗಳು ಕ್ಯಾಮೆರಾ ಇಟ್ಟಿದ್ವಲ್ಲ ಯಜಮಾನ್ರೇ, ಅದನ್ನ ನೋಡಿ ಕಲಿತಿದೆ. ಹೆಮ್ಮೆ ಪಡಿ," ಎಂದ ಟೈನವನು.

ಕದ್ದ ಮಾಲನ್ನು ಒಡೆಯನಿಗೇ ತೋರಿಸಿ ಹೆಮ್ಮೆ ಪಡು ಅನ್ನುವ ಧೈರ್ಯ ಟೈ ಕಟ್ಟಿದವರಿಗೇ ಬರುವುದು.

ಅದಕ್ಕೆ ಚಾಳಿಗಳೂ ಇದ್ದವು. ಒಂದರಿಂದ ಒಂದೂವರೆ ತನಕ ಅಲ್ಲಾಡುತ್ತಿರಲಿಲ್ಲ. ಸೆನ್ಸರ್ ತಣ್ಣಗಾಗಬೇಕಂತೆ. ಹೊಟ್ಟೆಯೇ ಇಲ್ಲದ ಯಂತ್ರಕ್ಕೆ ಸರಿಯಾಗಿ ಊಟದ ಹೊತ್ತಿಗೇ ಸೆಕೆ! ಕಳೆದ ಮಂಗಳವಾರವಂತೂ ಮೂರು ಎಣಿಸುವುದನ್ನೇ ಮರೆತು ಇಡೀ ದಿನ ಹೊರೆಗಳನ್ನು ದೊಪ್ಪೆಂದು ಇಳಿಸಿತು. 'ಸಾಫ್ಟ್‌ವೇರ್ ಅಪ್‌ಡೇಟ್' ಎಂದ ಟೈನವನು, ಬೆವರು ಒರೆಸಿಕೊಳ್ಳುತ್ತ. ಬುಧವಾರ ಮತ್ತೆ ಅದೇ ಗೇಣು, ಅದೇ ಮೂರು.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮೇಲಿನಪ್ಪ ಮಗಳ ಮುಂದೆ ಇದನ್ನೆಲ್ಲ ಕಾರಿಕೊಂಡ. ತಾಯಿ ಇಲ್ಲದ ಮಗಳು. ಚಿಕ್ಕವಳಿದ್ದಾಗ ರಜೆ ಬಂದರೆ ಕ್ಯಾಬಿನ್ನಿನಲ್ಲಿ ಅಪ್ಪನ ಕಾಲ ಬಳಿಯೇ ಕೂತು ಹೋಂವರ್ಕ್ ಮಾಡುತ್ತಿದ್ದಳು. ದೊಡ್ಡವಳಾದ ಮೇಲೆ ಕ್ರೇನ್ ಕಲಿಸು ಎಂದು ಬೆನ್ನು ಬಿದ್ದಳು. "ಸ್ಕೂಟರ್ ಸ್ಟ್ಯಾಂಡ್ ಹಾಕೋಕೆ ಬರಲ್ಲ, ಕ್ರೇನ್ ಓಡಿಸ್ತಾಳಂತೆ!" ಎಂದು ಅವನು ನಾಲ್ಕು ಜನರ ಮುಂದೆ ನಕ್ಕಿದ್ದ. ಆಮೇಲೆ ಅವಳು ಕೇಳಲಿಲ್ಲ. ಈಗ ಯಾವುದೋ ಆಫೀಸು, ಏನೋ ಕಂಪ್ಯೂಟರ್ ಕೆಲಸ. ಅವನೂ ಕೇಳಲಿಲ್ಲ.

"ಅಷ್ಟು ಕೆಟ್ಟದಾಗಿ ಎತ್ತುತ್ತಾ ಅದು?" ಎಂದಳು, ನೋಯುವ ಮಣಿಕಟ್ಟಿಗೆ ಮುಲಾಮು ತಿಕ್ಕಿಕೊಳ್ಳುತ್ತ. ಮಂಗಳವಾರದ ಜ್ವರದ ಸುಸ್ತು ಮುಖದಲ್ಲಿ ಇನ್ನೂ ಇತ್ತು.

"ಕೆಟ್ಟದಾಗಿ ಎತ್ತಿದ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ. ಚೆನ್ನಾಗಿ ಎತ್ತುತ್ತಲ್ಲ, ಅದೇ ಕರ್ಮ."

ಮಗಳ ಮುಖ ಅರಳಿತು. ತಟ್ಟೆಗೆ ಕೇಳದೆಯೇ ಇನ್ನಷ್ಟು ಬಡಿಸಿದಳು.

"ನಾಳೆ ಅದರ ಗ್ರಹಚಾರ ಬಿಡಿಸ್ತೀನಿ ನೋಡ್ತಿರು."

"ಹುಚ್ಚಾಟ ಆಡ್ಬೇಡ ಅಪ್ಪ. ಮೊದಲು ಹೆಲ್ಮೆಟ್ ಸರಿಯಾಗಿ ಹಾಕ್ಕೊ. ಬೋಳುತಲೆ ಬಿಟ್ಕೊಂಡು ಓಡಾಡ್ತೀಯ."

ಬಿಸಿಲಿಗೆ ಸುಟ್ಟ ನೆತ್ತಿ ನೋಡಿ ಹೇಳುತ್ತಿದ್ದಾಳೆ ಅಂದುಕೊಂಡ.

ಹನ್ನೊಂದಕ್ಕೆ, ಯಂತ್ರ ಕೊಳ್ಳುವುದೋ ಬೇಡವೋ ತೀರ್ಮಾನಿಸಲು, ದೊಡ್ಡವರು ಬಂದರು. ಇಸ್ತ್ರಿ ಕೆಡದ ಅಂಗಿ, ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೆಲ್ಮೆಟ್. ಟೈನವನ ಬಾಯಲ್ಲಿ ಜೇನು ಸುರಿಯುತ್ತಿತ್ತು. ಪ್ರತಿ ಹೆಲ್ಮೆಟ್ಟಿನಲ್ಲೂ ಚಿಪ್ ಇದೆ, ಅದರಿಂದಲೇ ಯಂತ್ರ ಮನುಷ್ಯನನ್ನು ಗುರುತಿಸುತ್ತದೆ, ಕೆಳಗೆ ಯಾರಾದರೂ ಬಂದರೆ ತಾನೇ ನಿಲ್ಲುತ್ತದೆ. ಕ್ಯಾಮೆರಾಗಳಿರುವುದು ಬರೀ ರೆಕಾರ್ಡಿಗೆ. ಈ ಎಲ್ಲದರಲ್ಲೂ ಮನುಷ್ಯರ ಕೈ? ಸೊನ್ನೆ ಸಾರ್, ಸೊನ್ನೆ. ದೊಡ್ಡವರು ತಲೆಯಾಡಿಸಿದರು. ಅವರಿಗೆ ಗೊತ್ತಿದ್ದ ಕಸುಬು ಅದೊಂದೇ.

ಚಿಪ್ ಇಲ್ಲದಿದ್ದರೆ ಮನುಷ್ಯನೇ ಅಲ್ಲ. ಮೇಲಿನಪ್ಪ ಕಾಯುತ್ತಿದ್ದದ್ದು ಅಷ್ಟಕ್ಕೇ.

ಎರಕ ಹೊಯ್ದ ಕಾಂಕ್ರೀಟ್ ಗೋಡೆಯೊಂದು ಗಾಳಿಯಲ್ಲಿ ತೇಲಿ ಬಂತು. ಕಂಬದ ಸ್ಪೀಕರಿನಿಂದ ದಿನದ ಅದೇ ಸಕ್ಕರೆ ದನಿ: "ದಯವಿಟ್ಟು ದೂರ ಸರಿಯಿರಿ." ಗೋಡೆ ಇಳಿಯತೊಡಗಿತು. ಮೇಲಿನಪ್ಪ ಹೆಲ್ಮೆಟ್ ಬಿಚ್ಚಿ ಮರಳಿನ ಗುಡ್ಡೆಯ ಮೇಲೆ ಎಸೆದ. ನೆಟ್ಟಗೆ ನಡೆದು ಅದರ ಅಡಿಯಲ್ಲಿ ನಿಂತ.

ಯಾರೋ ಕಿರುಚಿದರು. ಭಯವಾಯಿತು, ನಿಜವಾಗಿಯೂ ಭಯವಾಯಿತು. ಆದರೂ ಕದಲಲಿಲ್ಲ. ಇನ್ನೂ ಮೂವರ ಅನ್ನ ಇದರ ಮೇಲಿದೆ, ಈ ಕುರುಡು ಕಬ್ಬಿಣ ಇವತ್ತು ಎಲ್ಲರ ಕಣ್ಣೆದುರೇ ಸಿಕ್ಕಿಬೀಳಲಿ ಎಂದು ಕಣ್ಣು ಮುಚ್ಚಿದ. ನೆತ್ತಿಯ ಮೇಲೆ ನೆರಳು ತಣ್ಣಗೆ ಇಳಿಯಿತು.

ನಿಂತಿತು. ಕಣ್ಣು ತೆರೆದ. ನೆತ್ತಿಯಿಂದ ಸರಿಯಾಗಿ ಒಂದು ಗೇಣು ಮೇಲೆ.

"ನೋಡಿದ್ರಾ ಸಾರ್!" ಟೈನವನು ಚಪ್ಪಾಳೆ ತಟ್ಟಿ ಕುಣಿದ. "ಚಿಪ್ ಇಲ್ಲದೇನೂ ಕಂಡುಹಿಡೀತು! ಏನು ಬುದ್ಧಿ, ಏನು ಬುದ್ಧಿ!" ದೊಡ್ಡವರೂ ಚಪ್ಪಾಳೆ ತಟ್ಟಿದರು.

ಸೋತೆ ಅಂದುಕೊಂಡ ಮೇಲಿನಪ್ಪ. ರೂಢಿಯಂತೆ ಮನಸ್ಸಿನಲ್ಲೇ ಎಣಿಸಿದ. ಒಂದು. ಎರಡು. ಮೂರು.

ಸ್ಪೀಕರ್ ಗರಗರ ಅಂದಿತು. ಈ ಸಲ ಸಕ್ಕರೆ ದನಿಯಲ್ಲ, ಅಳು ತುಂಬಿದ, ಸಿಟ್ಟು ತುಂಬಿದ ದನಿ, ಇಡೀ ಸೈಟಿಗೆ ಕೇಳುವಂತೆ:

"ಅಪ್ಪಾ, ಈಚೆ ಬಾ! ನನ್ನ ಕೈಯಿಂದ್ಲೇ ಸಾಯ್ಬೇಕು ಅಂತಿದ್ದೀಯಾ?"