ಏಳು ಮನೆಯ ಪಾಲು

ಹಿಮ ಕರಗಿದ ನೆಲದಿಂದ ಕಾಡುಬೆಳ್ಳುಳ್ಳಿಯ ಘಾಟು ಬಂದದ್ದೇ ತಬಾರಿಕ್ ಕಾರಿನ ಗಾಜು ಇಳಿಸಿದಳು. ಅದು ಅವಳ ಅಮ್ಮನ ಬೆರಳುಗಳ ವಾಸನೆ. ಅವಳಿಗೆ ಆರು ವರ್ಷವಿದ್ದಾಗ ಸೈನಿಕರು ಬಂದು ಅವಳ ಬೆಟ್ಟದೂರು ಖೋರ್ಗಾದ ಜನರನ್ನೆಲ್ಲ ಗಡೀಪಾರೆಂದು ಲಾರಿ ಹತ್ತಿಸಿದ್ದರು. ಅಮ್ಮ ಕಜಾಕಿಸ್ತಾನದ ಬಯಲಿನಲ್ಲೇ ಮಣ್ಣಾದಳು. ಹದಿಮೂರು ವರ್ಷದ ಮೇಲೆ ಉಳಿದವರು ಹಿಂದಿರುಗಿದಾಗ ಬೆಟ್ಟದ ಊರುಗಳಿಗೆ ಹೋಗಗೊಡಲಿಲ್ಲ; ಕೆಳಗಿನ ಪಟ್ಟಣದಲ್ಲೇ ತಬಾರಿಕ್ ಮುದುಕಿಯಾದಳು.

ಈಗ ಅಮ್ಮ ಕನಸಿಗೆ ಬರತೊಡಗಿದ್ದಳು. ಖೋರ್ಗಾದ ಹೊಸ್ತಿಲಲ್ಲಿ ಬರಿದಾದ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ಸತ್ತವರು ಹಾಗೆ ಬಂದರೆ ಅವರ ಹೆಸರಲ್ಲಿ ನೆರೆಮನೆಗಳಿಗೆ ಊಟ ಹಂಚಬೇಕು. ತಬಾರಿಕ್ ಪಟ್ಟಣದಲ್ಲಿ ಮೂರು ಶುಕ್ರವಾರ ಹಂಚಿದಳು. ಮೂರು ಸಲವೂ ಕನಸಿನ ತಟ್ಟೆ ತುಂಬಲಿಲ್ಲ. ಪಟ್ಟಣದ ಆ ಜನ ಅಮ್ಮನಿಗೆ ಯಾರು? ಅವಳ ನೆರೆ ಅಂದರೆ ಖೋರ್ಗಾ, ಅಲ್ಲಿನ ಏಳು ಮನೆ. ಅದಕ್ಕೇ ಈ ಸಲ ರೊಟ್ಟಿಯ ಗಂಟು ಕಟ್ಟಿಕೊಂಡು ಅಲ್ಲಿಗೇ ಹೊರಟಿದ್ದಳು.

“ಅಲ್ಲಿ ಈಗ ನರಿಗಳೇ ನೆರೆಯವರು ದೊಡ್ಡಮ್ಮ. ಅವಕ್ಕೆ ಬೆಣ್ಣೆ ಹಚ್ಚಿದ ರೊಟ್ಟಿ ಸೇರುತ್ತೋ ಇಲ್ಲವೋ,” ಎಂದು ತಂಗಿಯ ಮಗ ಬೆಕ್‌ಖಾನ್ ದಾರಿಯುದ್ದಕ್ಕೂ ಛೇಡಿಸಿದ್ದ. ಆದರೂ ತನ್ನ ಕಾರಿನಲ್ಲೇ ಕರೆತಂದಿದ್ದ.

ಗಡಿ ಪ್ರದೇಶದ ಅಡ್ಡಗಂಬದ ಬಳಿ ಒಬ್ಬನೇ ಕಾವಲುಗಾರನಿದ್ದ. ದೂರದ ಉತ್ತರದವನು, ಸ್ಟೆಪಾನ್ ಅಂತ ಅಂಗಿಯ ಮೇಲೆ ಬರೆದಿತ್ತು. ಪರವಾನಗಿ ಕಾಗದ ಓದಿ ಆಗದೆಂದು ತಲೆಯಾಡಿಸಿದ. ಕಚೇರಿಯ ಪಟ್ಟಿಯಲ್ಲಿ ಖೋರ್ಗಾ ಇರಲಿಲ್ಲವೆಂದು ಗುಮಾಸ್ತ ಹತ್ತಿರದ ಬೇರೊಂದು ಹಳ್ಳಿಯ ಹೆಸರು ಬರೆದುಕೊಟ್ಟಿದ್ದ. ಆ ಹಳ್ಳಿ ಹಿಂದಿನ ತಿರುವಿನಲ್ಲೇ ಮುಗಿದುಹೋಗಿತ್ತು; ಅದರಾಚೆಗೆ ಆ ಕಾಗದ ನಡೆಯದು.

“ಖೋರ್ಗಾ ನಕ್ಷೆಯಲ್ಲೇ ಇಲ್ಲ ಅಜ್ಜಿ. ಇಲ್ಲದ ಊರಿಗೆ ಹ್ಯಾಗೆ ಬಿಡಲಿ?”

“ಇಲ್ಲದ ಊರಿಗೆ ನಾನು ಹೋದ್ರೆ ನಿನಗೇನಪ್ಪ ತೊಂದರೆ?”

ಅವನಿಗೆ ನಗು ಬಂತು. ಆದರೆ ಅಡ್ಡಗಂಬ ಮೇಲೇಳಲಿಲ್ಲ. ಒಳಗೆ ಹೋಗಿ ತನ್ನ ಸ್ಟೂಲು ತಂದು ಬಿಸಿಲಿರುವ ಕಡೆ ಹಾಕಿದ. ಮತ್ತೆ ಹೋಗಿ ದುರ್ಬೀನು ತಂದ. ತಬಾರಿಕ್ ಅದನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ಕೂತಳು. ಪೊರೆ ಬಂದ ಕಣ್ಣಿಗೆ ಬಿಳಿಯ ಬೆಳಕಷ್ಟೇ ಕಂಡಿತು. ಅದನ್ನು ವಾಪಸು ಕೊಟ್ಟು, ನೀನೇ ನೋಡಿ ಹೇಳು ಎಂದಳು. ಹೊಳೆಯಾಚೆ, ಗೋಪುರದಂತೆ ಎದ್ದ ಕಲ್ಲುಮನೆಗಳಲ್ಲಿ ಕೊನೆಯದು ತಮ್ಮದು ಎಂದು ಗುರುತು ಹೇಳಿದಳು.

ಗೋಪುರದ ತಲೆ ಬಿದ್ದಿದೆ, ಒಳಗಿಂದಲೇ ಒಂದು ಮರ ಎದ್ದಿದೆ ಎಂದ ಸ್ಟೆಪಾನ್. ಯಾವ ಮರವೆಂದು ಕೇಳಿದರೆ, ಎಲೆ ಬಾರದೆ ಗೊತ್ತಾಗದು ಎಂದ.

“ಯಾವ ಮನೆಯಿಂದಾದರೂ ಹೊಗೆ ಬರ್ತಿದೆಯಾ?”

ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. “ಇಲ್ಲ ಅಜ್ಜಿ.”

“ಇಲ್ಲಿಂದ ಆ ಮನೆ ನಿನಗೆ ದಿನಾ ಕಾಣುತ್ತಾ?”

“ಮಂಜಿಲ್ಲದ ದಿನ ಕಾಣುತ್ತೆ. ನೋಡ್ತಾ ಇರ್ತೀನಿ. ಇಲ್ಲಿ ನೋಡೋಕೆ ಬೇರೇನಿದೆ?”

ತಬಾರಿಕ್ ಬೆಕ್‌ಖಾನ್‌ನತ್ತ ಕೈಚಾಚಿ ಗಂಟು ಕೇಳಿದಳು. ಅವನು ತಮ್ಮ ಮನೆಮಾತಿನಲ್ಲಿ, ಕೆಳದನಿಯಲ್ಲಿ, “ಇವನಿಗಾ ದೊಡ್ಡಮ್ಮ?” ಎಂದ.

“ಅಮ್ಮನ ಮನೆ ಕಾಣೋಷ್ಟು ಹತ್ತಿರ ಇರೋನು ಇವನೊಬ್ಬನೇ ಕಣೋ.”

ಬಟ್ಟೆ ಬಿಚ್ಚಿದಾಗ ಕುಂಬಳದ ಹೂರಣವಿಟ್ಟು ಮಡಚಿದ ರೊಟ್ಟಿಗಳು ಇನ್ನೂ ಬೆಚ್ಚಗಿದ್ದವು. ಒಬ್ಬನಿಗೆ ಇಷ್ಟೊಂದು ಯಾಕೆ ಎಂದು ಸ್ಟೆಪಾನ್ ಕೇಳಿದ. ಆರು ವರ್ಷದವಳಾಗಿ ಓಡಾಡಿದ ಬೀದಿಯ ಒಂದೊಂದೇ ಮನೆಯ ಹೆಸರನ್ನು ತುಟಿಯೊಳಗೇ ಹೇಳಿಕೊಳ್ಳುತ್ತಾ, ಅವನ ಒಂದೇ ಜೊತೆ ಕೈಗಳಲ್ಲಿ ಏಳು ಸಲ ರೊಟ್ಟಿ ಇಟ್ಟಳು.