ಕೊನೆಯ ಒಂದು ಫರ್ಲಾಂಗು

"ನಿಲ್ಲಿಸು, ಇಲ್ಲೇ ನಿಲ್ಲಿಸು. ಈ ತಿರುವು ದಾಟಿದರೆ ಮಾವನ ಮನೆ ಬಂತು," ಎಂದ ವಿಷ್ಣುಮೂರ್ತಿ.

ಸುಭಾಷಿಣಿ ಕಾರನ್ನು ರಸ್ತೆಯ ಅಂಚಿಗೆ ಸರಿಸಿ ನಿಲ್ಲಿಸಿದಳು. ಮಣಿಪಾಲದಿಂದ ಕಾರ್ಕಳದ ದಾರಿಯಲ್ಲಿ ಗಂಡನ ಸೋದರಮಾವನ ಊರಾದ ಬೈಲೂರಿನವರೆಗೆ, ಆಟಿ ತಿಂಗಳ ಆ ಮಳೆಯಲ್ಲಿ, ಹಳೆಯ ಫಿಯೆಟನ್ನು ತಂದವಳು ಅವಳು. ಹಗಲಲ್ಲೂ ದೀಪ ಹಾಕಿಕೊಂಡು, ಮುಂದಿನ ಲಾರಿಯಿಂದ ಹತ್ತು ಮಾರು ದೂರ ಉಳಿದು, ನೀರು ದಾಟಿದಾಗಲೆಲ್ಲ ಬ್ರೇಕನ್ನು ಮೆಲ್ಲ ಮೆಲ್ಲ ಒತ್ತಿ ಒಣಗಿಸಿಕೊಂಡು ಬಂದಿದ್ದಳು. ಪಕ್ಕದಲ್ಲಿ ಕೂತ ಗಂಡನೂ ಸುಮ್ಮನಿರಲಿಲ್ಲ. "ಎಂತ ಎಮ್ಮೆಯ ಹಾಗೆ ಹೋಗ್ತಿ ಮಾರಾಯ್ತಿ" ಎನ್ನುತ್ತ, ಮಂಜು ಹಿಡಿದ ಗಾಜನ್ನು ಕರವಸ್ತ್ರದಿಂದ ಒರೆಸುತ್ತಿದ್ದ, ತನ್ನ ಎದುರಿನದನ್ನು.

ಕೊನೆಯ ಫರ್ಲಾಂಗು ಮಾತ್ರ ಯಾವತ್ತೂ ಅವನದೇ. ಕಾರು ಕೊಂಡು ಎಂಟು ತಿಂಗಳಾಯಿತು. ನೆಂಟರ ಊರುಗಳಲ್ಲೆಲ್ಲ ವಿಷ್ಣುಮೂರ್ತಿಯೇ ಕಾರು ಬಿಡುವವನು ಎಂದು ಹೆಸರಾಗಿತ್ತು. ಕಡಿಯಾಳಿಯಲ್ಲಿ ಡ್ರೈವಿಂಗ್ ಕಲಿಸುವ ಸ್ಟ್ಯಾನಿಸ್ಲಾಸ್ ಮೂರು ವಾರ ಹೆಣಗಿ ಅವನಿಗೆ ಒಂದನೆಯ ಗೇರು ಕಲಿಸಿದ್ದ. ಆಮೇಲೆ ಕೈಮುಗಿದು, "ಸರ್, ಅಮ್ಮನವರು ಕಲಿಯಲಿ. ನೀವು ಪಕ್ಕದಲ್ಲಿ ಕೂತರೆ ಚಂದ ಕಾಣ್ತದೆ," ಎಂದಿದ್ದ.

"ಇವತ್ತು ಬೇಡ," ಎಂದಳು ಸುಭಾಷಿಣಿ. "ರಸ್ತೆಯ ಮೇಲೆಯೇ ನೀರು ಹೋಗ್ತಾ ಉಂಟು. ತಿರುವಿನಲ್ಲಿ ಬ್ರೇಕು ಒತ್ತಿದರೆ ಜಾರ್ತದೆ."

"ಒಂದು ಫರ್ಲಾಂಗಿಗೆ ನನಗೆ ಪಾಠ ಬೇಡ. ಮಾವ ಜಗಲಿಯಲ್ಲೇ ಕೂತಿರ್ತಾರೆ. ಹೆಂಡತಿ ಡ್ರೈವರು, ಗಂಡ ಕ್ಲೀನರು ಅಂತ ಹೇಳಿಸಿಕೊಳ್ಳಬೇಕಾ?"

"ಈ ಮಳೆಯಲ್ಲಿ ಮಾವನಿಗೆ ಕಾಣುವುದೆಂತ?"

"ಎಂತ ಕಾಣದಿದ್ದರೂ ಅದೊಂದು ಕಾಣ್ತದೆ."

ಇಬ್ಬರೂ ಇಳಿದರು. ಅವನು ಕಾರಿನ ಮುಂದಿನಿಂದ, ಅವಳು ಹಿಂದಿನಿಂದ ಅರ್ಧರ್ಧ ಪ್ರದಕ್ಷಿಣೆ ಮುಗಿಸಿ ಒಳಗೆ ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದರು. ಒಂದನೆಯ ಗೇರಿನಲ್ಲಿ ಫಿಯೆಟ್ ಅರಚಿಕೊಂಡು ಹೊರಟಿತು. ತಿರುವಿನಲ್ಲಿ ಕೆಂಪು ನೀರು ಕಂಡದ್ದೇ ವಿಷ್ಣುಮೂರ್ತಿ ಹಾವನ್ನು ತುಳಿದವನಂತೆ ಬ್ರೇಕನ್ನು ತುಳಿದ. ಕಾರು ಬಹಳ ನಯವಾಗಿ, ಯಾವ ಅವಸರವೂ ಇಲ್ಲದೆ, ಅರ್ಧ ಸುತ್ತು ತಿರುಗಿ ಆಗಷ್ಟೇ ಭತ್ತದ ನೇಜಿ ನೆಟ್ಟಿದ್ದ ಗದ್ದೆಗೆ ಮೂತಿ ಇಟ್ಟಿತು.

"ಪೆಟ್ಟಾಯಿತಾ?" ಎಂದು ಕೇಳಿದಳು ಸುಭಾಷಿಣಿ.

ಮನೆಯ ಕಡೆಯಿಂದ ಕೊಡೆಗಳು ಓಡಿ ಬರುತ್ತಿದ್ದವು. ಎಲ್ಲಕ್ಕಿಂತ ಮುಂದಿನದು ಜನಾರ್ದನ ಮಾವನದು. "ಆಚೆ ಸರಿ, ಆಚೆ ಸರಿ!" ಎನ್ನುತ್ತ ವಿಷ್ಣುಮೂರ್ತಿ ಬೆಂಚಿನಂಥ ಆ ಒಂದೇ ಸೀಟಿನ ಮೇಲೆ ಅವಳನ್ನು ದಾಟಿ ಎಡಗಡೆಗೆ ಬಂದುಬಿಟ್ಟ. ಮಳೆಗೆ ಇಳಿಯದೆಯೂ ಜಾಗ ಬದಲಿಸಬಹುದೆಂದು ಸುಭಾಷಿಣಿಗೆ ಎಂಟು ತಿಂಗಳಲ್ಲಿ ಅಂದೇ ಗೊತ್ತಾದದ್ದು.

ಮಾವ ಕಿಟಕಿಗೆ ಮುಖವಿಟ್ಟರು. "ಯಾರು ಬಿಟ್ಟದ್ದು?"

"ಇವಳು," ಎಂದ ವಿಷ್ಣುಮೂರ್ತಿ. "ಮಳೆ ಉಂಟು, ಬೇಡ ಅಂದೆ. ಕೇಳಬೇಕಲ್ಲ."

ನೇಜಿಯ ಕೆಲಸಕ್ಕೆ ಬಂದಿದ್ದ ಹತ್ತು ಜನ ಸೇರಿ ಕಾರನ್ನು ಎತ್ತಿ ರಸ್ತೆಗೆ ಇಟ್ಟರು. ಕೆಸರು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಮಧ್ಯಾಹ್ನ ಪತ್ರೊಡೆಯ ಜೊತೆಗೆ ಮಾವ ತೀರ್ಪನ್ನೂ ಬಡಿಸಿದರು: "ಮಳೆಗಾಲದಲ್ಲಿ ಹೆಂಗಸರ ಕೈಗೆ ಸ್ಟೇರಿಂಗ್ ಕೊಡಬಾರದು ಮಾಣಿ. ನೀನು ಬರುವುದನ್ನು ನಾವು ನೋಡಿದವರಲ್ವಾ? ಎಷ್ಟು ನಿಧಾನ! ಎಷ್ಟು ಜಾಗ್ರತೆ!" ಮಾಣಿ ವಿನಯದಿಂದ ತಲೆ ತಗ್ಗಿಸಿ ಇನ್ನೊಂದು ಪತ್ರೊಡೆ ಹಾಕಿಸಿಕೊಂಡ.

"ಮಾವ ಹೇಳುವುದು ಸರಿ," ಎಂದಳು ಸುಭಾಷಿಣಿ. "ನನಗೂ ಹೆದರಿಕೆ ಹೊಕ್ಕಿದೆ. ನಾನು ಮೂರು ಗಂಟೆಯ ಬಸ್ಸಿನಲ್ಲಿ ಹೋಗ್ತೇನೆ. ಕಾರನ್ನು ಇವರು ತರಲಿ."

ವಿಷ್ಣುಮೂರ್ತಿ ಕೈಯಲ್ಲಿದ್ದ ಪತ್ರೊಡೆಯನ್ನು ಎಲೆಗೆ ಇಳಿಸಿದ. "ಬಸ್ಸೆಂತಕ್ಕೆ? ಒಟ್ಟಿಗೆ ಹೋಗುವ."

"ಇಲ್ಲಪ್ಪ. ಇನ್ನು ಆ ಕಾರು ಹತ್ತುವ ಧೈರ್ಯ ನನಗಿಲ್ಲ."

"ಹೋಗಲಿ ಬಿಡು," ಎಂದರು ಮಾವ. "ನಾನು ಬರ್ತೇನೆ ನಿನ್ನೊಟ್ಟಿಗೆ. ನನಗೂ ಉಡುಪಿಯಲ್ಲಿ ಕೆಲಸ ಉಂಟು. ನೀನಿರುವಾಗ ಮಳೆಗೆ ಹೆದರುವುದುಂಟಾ?"

ಮಾವ ಬರುತ್ತಾರೆಂದು ಸುಭಾಷಿಣಿ ಎಣಿಸಿರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಬಿಟ್ಟದ್ದು ನಾನೇ ಎಂಬ ಒಂದೇ ಒಂದು ಮಾತು ಸಾಕಿತ್ತು. ಅವಳು ಆಗಲೇ ಸ್ಟೇರಿಂಗಿನ ಎದುರು ಕೂತುಬಿಡುತ್ತಿದ್ದಳು. ಅವನು ಬಾಳೆಯೆಲೆಯನ್ನು ಬಹಳ ಶ್ರದ್ಧೆಯಿಂದ ಮಡಚಿದ. ಸರಿ, ಬಸ್ಸು ಬರುವವರೆಗೆ ಸಮಯ ಉಂಟು ಎಂದುಕೊಂಡು ಅವಳು ಕೊಡೆ ಬಿಡಿಸಿದಳು.

ಮನೆಯ ಎದುರಿಗೇ ರಸ್ತೆಯಾಚೆ ಒಂದು ಗೂಡಂಗಡಿ. ಬಸ್ಸು ನಿಲ್ಲುವುದು ಅಲ್ಲೇ. ಅದರ ಮಾಡಿನ ಕೆಳಗೆ ನಿಂತರೆ ಅಂಗಳದಲ್ಲಿದ್ದ ಕಾರು ಚೆನ್ನಾಗಿ ಕಾಣುತ್ತಿತ್ತು. ಮಳೆ ಬೆಳಗ್ಗಿನದಕ್ಕಿಂತ ಜೋರಾಗಿತ್ತು. ಮಾವ ಬಾಯ್ತುಂಬ ವೀಳ್ಯ ಹಾಕಿಕೊಂಡು ಎಡಗಡೆ ಕೂತಿದ್ದರು. ಕಳಿಸಿಕೊಡಲು ಮನೆಮಂದಿಯೆಲ್ಲ ಜಗಲಿಗೆ ಬಂದು ಸಾಲಾಗಿ ನಿಂತಿದ್ದರು. ಎಂಜಿನು ಗುರುಗುಟ್ಟಿತು. ವೈಪರು ಒಂದೇ ಸಮನೆ ಆ ಕಡೆ ಈ ಕಡೆ ಓಡಿತು. ಕಾರು ಮಾತ್ರ ಗೇಣು ಸರಿಯಲಿಲ್ಲ.

ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಸುಭಾಷಿಣಿ ಕದಲಲಿಲ್ಲ.

ಕಾರಿನ ಬಲಗಡೆಯ ಬಾಗಿಲು ತೆರೆಯಿತು. ಒಂದು ಕಾಲು ಕೆಳಗಿಳಿಯಿತು. ಅವಳು ಮಾಡಿನಿಂದ ಒಂದು ಹೆಜ್ಜೆ ಹೊರಗೆ ಬಂದಳು.

"ಎಂತ ಮಾಣಿ, ಏನಾದರೂ ಮರೆತೆಯಾ?" ಎಂದು ಜಗಲಿಯಿಂದ ಯಾರೋ ಕೂಗಿದರು.

ಕಾಲು ಸ್ವಲ್ಪ ಹೊತ್ತು ಮಳೆಯಲ್ಲಿ ನೆನೆಯಿತು. ಆಮೇಲೆ ಮೆಲ್ಲನೆ ಒಳಗೆ ಹೋಯಿತು. ಬಾಗಿಲು ಮುಚ್ಚಿಕೊಂಡಿತು.