ತಾಮ್ರದ ಮೇಲಿನ ಪದರ

ಲಿಥಿಯಂ ಬ್ಯಾಟರಿ ಹೆಚ್ಚು ಚಾರ್ಜ್ ಹಿಡಿಯಲೆಂದು ನಾಗವೇಣಿ ತಾಮ್ರದ ಹಾಳೆಯ ಮೇಲೆ ಕೋಬಾಲ್ಟ್ ಆಕ್ಸೈಡಿನ ತೆಳು ಪದರವೊಂದನ್ನು ಬೆಳೆಸಿದ್ದಳು. ಸ್ಪಂಜಿನಂತೆ ಮೈತುಂಬ ರಂಧ್ರಗಳಿದ್ದ ಪದರ. ನೂರಾರು ಸಲ ಚಾರ್ಜ್ ಮಾಡಿದರೂ ಅದು ನಿಲ್ಲುತ್ತದೆಂದು ಲ್ಯಾಬಿನ ಅಳತೆಯ ಯಂತ್ರ ತೋರಿಸಿತು. ಆ ಫಲಿತಾಂಶವನ್ನು ಅವಳ ಪಿಎಚ್.ಡಿ. ಗೈಡ್ ಪದ್ಮರಾಜಯ್ಯ ತಮ್ಮೊಬ್ಬರ ಹೆಸರಿನಲ್ಲೇ ಪ್ರಕಟಿಸಿದರು. ಕೇಳಿದ್ದಕ್ಕೆ, "ಲ್ಯಾಬು ನನ್ನದು, ತಲೆ ನನ್ನದು, ನಿನ್ನದು ಬರೀ ಕೈ," ಎಂದರು. ಅವಳು ಪಿಎಚ್.ಡಿ. ಬಿಟ್ಟು ಹೋದಳು. ಅವರಿಗೆ ಪ್ರಶಸ್ತಿ ಬಂತು. ಆ ಪದರದಿಂದ ಬ್ಯಾಟರಿ ತಯಾರಿಸಲು ಕಂಪನಿಯೊಂದು ಮುಂದೆ ಬಂತು.

ಕೆಲವು ವರ್ಷಗಳಾದ ಮೇಲೊಂದು ದಿನ, ಅವಳು ಪಾಠ ಹೇಳುತ್ತಿದ್ದ ಕಾಲೇಜಿಗೆ ಅವರೇ ಹುಡುಕಿಕೊಂಡು ಬಂದರು. ಅವಳು ಕೂತ್ಕೊಳ್ಳಿ ಎನ್ನಲಿಲ್ಲ.

"ಪದರ ಎದ್ದು ಬರ್ತಿದೆ ಕಣಮ್ಮ. ಎರಡು ಸಲ ಚಾರ್ಜ್ ಮಾಡಿದರೆ ಪುಡಿಪುಡಿ. ನಾಳೆ ಕಂಪನಿಯವರ ಮುಂದೆ ಮಾಡಿ ತೋರಿಸಬೇಕು. ನೀನು ಹೇಗೆ ಮಾಡಿದ್ದೆ?"

"ಪೇಪರಿನಲ್ಲಿ ನೀವೇ ಬರೆದಿದ್ದೀರಲ್ಲ ಸಾರ್."

"ನಿನ್ನ ಸಿಟ್ಟು ನ್ಯಾಯವಾದದ್ದೇ. ತಪ್ಪು ನನ್ನದು." ಅವರು ಕೈ ಮುಗಿದರು. "ನಿನ್ನ ಹೆಸರನ್ನೇ ಮೊದಲು ಹಾಕಿಸ್ತೀನಿ. ಎಲ್ಲರ ಮುಂದೆ ಒಪ್ಪಿಕೊಳ್ತೀನಿ, ಅದು ನಿನ್ನದು ಅಂತ."

ಈ ಮಾತಿಗಾಗಿ ಅವಳು ಇಷ್ಟು ವರ್ಷ ಹಲ್ಲುಕಚ್ಚಿ ಕಾದಿದ್ದಳು. ಅವರು ಬೆವರುವುದನ್ನು ಕಣ್ತುಂಬ ನೋಡಿದಳು.

"ಬೇಡ ಸಾರ್, ನಿಮ್ಮೊಬ್ಬರ ಹೆಸರೇ ಇರಲಿ," ಎಂದಳು. "ಆ ಪದರ ನನ್ನ ಕೈಯಲ್ಲೂ ನಿಂತಿರಲಿಲ್ಲ, ಅಳತೆಯ ಯಂತ್ರವೇ ಕೆಟ್ಟು ಸುಳ್ಳು ಅಂಕಿ ತೋರಿಸಿತ್ತು ಅಂತ ನನಗೆ ಗೊತ್ತಾಗುವಷ್ಟರಲ್ಲಿ ನೀವು ನನ್ನ ಹೆಸರು ತೆಗೆದಾಗಿತ್ತು."